‘ಮ್ಯಾಕ್ಸ್’ ಪೈಥಾನಿಗೆ ಇರಲಿ, ಡ್ಯಾಮಿನ ಮಟ್ಟಕ್ಕೆ ಮಟ್ಟದ ಹೆಸರಿಡಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೂ ಅವರಿಗೆ ಕಲಿಸುತ್ತಿರುವವರಿಗೂ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ, ಮಾನ್ಯ ಅಧ್ಯಾಪಕರೇ,

ಪಿಯು ತರಗತಿಗಳಲ್ಲಿ ಸಿ ಪ್ಲಸ್ ಪ್ಲಸ್ ಇದ್ದ ಜಾಗಕ್ಕೆ ಈಗ ಪೈಥಾನ್ ಬಂದಿದೆ. ದಾವಣಗೆರೆ ವಿಶ್ವವಿದ್ಯಾಲಯದ ಬಿಸಿಎ ಓದುವವರೂ ಅದನ್ನೇ ಕಲಿಯುತ್ತಾರೆ. ಚಿತ್ರದುರ್ಗದ ಎಸ್‌ಜೆಎಂ ತಾಂತ್ರಿಕ ಮಹಾವಿದ್ಯಾಲಯದಂಥ ವಿಟಿಯು ಕಾಲೇಜುಗಳಿಗೆ ಸೇರಿದವರಿಗೆ 2022ರ ಸ್ಕೀಮಿನಲ್ಲಿ ಮೊದಲ ವರ್ಷದಲ್ಲೇ ಪೈಥಾನ್ ಪರಿಚಯದ ಪತ್ರಿಕೆಯೊಂದಿದೆ. ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಕ್ಕಳು ಕಂಪ್ಯೂಟರಿಗೆ ಕೆಲಸ ಹೇಳುವುದನ್ನು ಈ ಭಾಷೆಯಲ್ಲೇ ಮೊದಲು ಕಲಿಯುತ್ತಿದ್ದಾರೆ. ಆ ಮೊದಲ ದಿನಗಳಲ್ಲಿ ಕೈಗೆ ಹತ್ತಿದ ರೂಢಿ ಬಹಳ ಕಾಲ ಬಿಡುವುದಿಲ್ಲ. ಅಂಥ ಒಂದು ರೂಢಿಯನ್ನು ಈಗಲೇ ಬಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ವೇರಿಯಬಲ್‌ಗಳಿಗೆ ಪೈಥಾನಿನ ಬಿಲ್ಟ್-ಇನ್ ಫಂಕ್ಷನ್‌ಗಳ ಹೆಸರನ್ನು ಇಡಬೇಡಿ. ಲಿಸ್ಟ್, ಸಮ್, ಮ್ಯಾಕ್ಸ್, ಮಿನ್, ಇನ್‌ಪುಟ್, ಸ್ಟ್ರ್, ಟೈಪ್, ಐಡಿ, ನೆಕ್ಸ್ಟ್, ರೇಂಜ್, ರೌಂಡ್, ಇವೆಲ್ಲ ಆಗಲೇ ಒಂದೊಂದು ಕೆಲಸಕ್ಕೆ ನೇಮಕವಾಗಿರುವ ಹೆಸರುಗಳು.

ಈ ಪತ್ರದಲ್ಲಿ ಕೋಡನ್ನೂ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಲ್ಯಾಬಿನಲ್ಲಿ ಮಾಡಿ ನೋಡುವಾಗ ನೀವು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ಹಿರಿಯೂರಿನ ವಾಣಿವಿಲಾಸ ಸಾಗರದಿಂದಲೇ ಶುರುಮಾಡೋಣ. 1898ರಲ್ಲಿ ಕೆಲಸ ಹಿಡಿದು 1907ರಲ್ಲಿ ಮುಗಿಸಿದ ಈ ಅಣೆಕಟ್ಟೆಯ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಡ್ಯಾಂ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅದಾದ ಮೇಲೆ 2025ರ ಜನವರಿಯಲ್ಲಿ. ಮಳೆಗಾಲ ಬಂದರೆ ವೇದಾವತಿಯ ಎರಡೂ ದಂಡೆಯವರು ಇವತ್ತು ಎಷ್ಟು ಅಡಿ ಆಯಿತು ಎಂದು ದಿನವೂ ಕೇಳುತ್ತಾರೆ. ಹಾಗಾಗಿ ಡ್ಯಾಮಿನ ಮಟ್ಟದ ಲೆಕ್ಕ ನಮ್ಮ ಕಡೆಯ ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸ. ಅಭ್ಯಾಸಕ್ಕೆಂದು ಕೆಲವು ಅಂಕಿಗಳನ್ನು ಇಟ್ಟುಕೊಂಡು ಒಬ್ಬ ವಿದ್ಯಾರ್ಥಿನಿ ಹೀಗೆ ಬರೆಯುತ್ತಾಳೆ ಎಂದುಕೊಳ್ಳಿ:

ಮ್ಯಾಕ್ಸ್ = 130
ಲೆವೆಲ್ಸ್ = [112, 114, 117, 121]
ಪ್ರಿಂಟ್(ಮ್ಯಾಕ್ಸ್(ಲೆವೆಲ್ಸ್))

ಪೂರ್ಣ ಮಟ್ಟ ಎಂಬ ಅರ್ಥದಲ್ಲಿ ಮೊದಲ ಸಾಲು ಬರೆದಳು. ಈ ವಾರದ ಮಟ್ಟಗಳಲ್ಲಿ ಹೆಚ್ಚಿನದು ಯಾವುದು ಎಂದು ಮೂರನೆಯ ಸಾಲಿನಲ್ಲಿ ಕೇಳಿದಳು. 121 ಬರಬೇಕಿತ್ತು. ಬಂದದ್ದು ಕೆಂಪು ಅಕ್ಷರದ ಸಾಲು: ಟೈಪ್‌ಎರರ್, ‘ಇಂಟ್’ ಆಬ್ಜೆಕ್ಟ್ ಈಸ್ ನಾಟ್ ಕಾಲಬಲ್. ಅಂದರೆ, ನೀವು ಕರೆಯುತ್ತಿರುವುದು ಒಂದು ಪೂರ್ಣಾಂಕವನ್ನು, ಅದನ್ನು ಫಂಕ್ಷನ್ ಹಾಗೆ ಕರೆಯಲು ಆಗದು. ಜೊತೆಗೆ ಪೈಥಾನ್ ಮೂರನೆಯ ಸಾಲಿನ ನಂಬರನ್ನು ತೋರಿಸುತ್ತದೆ.

ತೊಡಕಿರುವುದು ಈ ನಂಬರಿನಲ್ಲೇ. ಮೂರನೆಯ ಸಾಲಿನಲ್ಲಿ ಯಾವ ತಪ್ಪೂ ಇಲ್ಲ, ಪಠ್ಯದಲ್ಲಿ ಹೇಳಿಕೊಟ್ಟ ಹಾಗೆಯೇ ಇದೆ. ತಪ್ಪು ಆಗಿರುವುದು ಮೊದಲ ಸಾಲಿನಲ್ಲಿ, ಆದರೆ ಅಲ್ಲಿ ಪೈಥಾನ್ ಒಂದು ಮಾತೂ ಆಡಲಿಲ್ಲ. ಇಲ್ಲಿ ಮೂರೇ ಸಾಲು ಇರುವುದರಿಂದ ಬೇಗ ಸಿಕ್ಕೀತು. ಇನ್ನೂರು ಸಾಲಿನ ಪ್ರಾಜೆಕ್ಟಿನಲ್ಲಿ ಮ್ಯಾಕ್ಸ್ ಎಂಬ ಹೆಸರನ್ನು ಹನ್ನೆರಡನೆಯ ಸಾಲಿನಲ್ಲಿ ಒಬ್ಬ ಬಳಸಿರುತ್ತಾನೆ, ನೂರೆಂಬತ್ತನೆಯ ಸಾಲಿನಲ್ಲಿ ಅವನ ಜೊತೆಗಾರ್ತಿ ಮ್ಯಾಕ್ಸ್ ಫಂಕ್ಷನ್ನನ್ನು ಕರೆದಿರುತ್ತಾಳೆ. ಎರರ್ ಬರುವುದು ಅವಳ ಸಾಲಿಗೆ. ತಾನು ಬರೆದ ಸರಿಯಾದ ಸಾಲನ್ನು ಅವಳು ಅಳಿಸಿ ಅಳಿಸಿ ಬರೆಯುತ್ತಾಳೆ, ಬ್ರಾಕೆಟ್ ಬದಲಿಸುತ್ತಾಳೆ, ಕೊನೆಗೆ ತನಗೇ ಪ್ರೋಗ್ರಾಮಿಂಗ್ ಬರುವುದಿಲ್ಲ ಎಂದುಕೊಳ್ಳುತ್ತಾಳೆ. ಒಂದು ಹೆಸರಿನಿಂದಾಗಿ ಯಾವ ವಿದ್ಯಾರ್ಥಿಯೂ ಆ ತೀರ್ಮಾನಕ್ಕೆ ಬರಬಾರದು. ಈ ಪತ್ರಕ್ಕೆ ಮುಖ್ಯ ಕಾರಣ ಅದು.

ಒಳಗೆ ನಡೆಯುವುದೇನು? ಪೈಥಾನ್ ಒಂದು ಹೆಸರನ್ನು ಕಂಡಾಗ ಅದನ್ನು ನಾಲ್ಕು ಕಡೆ ಕ್ರಮವಾಗಿ ಹುಡುಕುತ್ತದೆ. ಮೊದಲು ಈಗ ನಡೆಯುತ್ತಿರುವ ಫಂಕ್ಷನ್ನಿನ ಒಳಗೆ, ಆಮೇಲೆ ಅದನ್ನು ಸುತ್ತುವರಿದ ಹೊರಗಿನ ಫಂಕ್ಷನ್ ಇದ್ದರೆ ಅದರಲ್ಲಿ, ಆಮೇಲೆ ಇಡೀ ಫೈಲಿನಲ್ಲಿ, ಕಟ್ಟಕಡೆಗೆ ಬಿಲ್ಟ್-ಇನ್‌ಗಳ ಪಟ್ಟಿಯಲ್ಲಿ. ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ನಮ್ಮ ಜಿಲ್ಲೆಯಲ್ಲಿ ಊರೂರಿಗೂ ತಿಪ್ಪೇಸ್ವಾಮಿಗಳಿದ್ದಾರೆ. ಹಾಸ್ಟೆಲಿನ ರೂಮಿನಲ್ಲಿ ನಿಂತು ‘ತಿಪ್ಪೇಸ್ವಾಮೀ’ ಎಂದು ಕೂಗಿದರೆ ಅದೇ ರೂಮಿನಲ್ಲಿರುವ ತಿಪ್ಪೇಸ್ವಾಮಿ ಓಗೊಡುತ್ತಾನೆ. ನಿಮಗೆ ಬೇಕಾಗಿದ್ದವನು ಮೇಲಿನ ಮಹಡಿಯಲ್ಲಿದ್ದರೆ ಆ ಕೂಗು ಅವನಿಗೆ ಮುಟ್ಟುವುದೇ ಇಲ್ಲ. ಮ್ಯಾಕ್ಸ್ ವಿಷಯದಲ್ಲಿ ಆದದ್ದೂ ಇಷ್ಟೇ. ಬಿಲ್ಟ್-ಇನ್ ಮ್ಯಾಕ್ಸ್ ಅಳಿದುಹೋಗಿಲ್ಲ, ತನ್ನ ಪಟ್ಟಿಯಲ್ಲಿ ತಾನು ಕ್ಷೇಮವಾಗಿದೆ. ನಿಮ್ಮ ಫೈಲಿನಲ್ಲಿರುವ ಅದೇ ಹೆಸರಿನ 130 ಮೊದಲು ಓಗೊಟ್ಟಿತು. ಪ್ರೋಗ್ರಾಮರುಗಳು ಇದನ್ನು ಶ್ಯಾಡೋಯಿಂಗ್ ಎನ್ನುತ್ತಾರೆ.

ಇದು ತಿಳಿದರೆ ಪರಿಹಾರವೂ ತಿಳಿಯಿತು. ‘ಡೆಲ್ ಮ್ಯಾಕ್ಸ್’ ಎಂದು ಬರೆದರೆ ನಿಮ್ಮ ಮ್ಯಾಕ್ಸ್ ಹೋಗಿ ಬಿಲ್ಟ್-ಇನ್ ಮ್ಯಾಕ್ಸ್ ಮತ್ತೆ ಸಿಗುತ್ತದೆ. ಪ್ರೋಗ್ರಾಂ ನಡುವೆ ಸಿಕ್ಕಿಹಾಕಿಕೊಂಡಾಗ ಅದು ಸಾಕು. ಆದರೆ ನಿಜವಾದ ಪರಿಹಾರ ಮೊದಲ ಸಾಲನ್ನು ತಿದ್ದುವುದು.

ಲ್ಯಾಬಿನಲ್ಲಿ ಇದು ಇನ್ನೂ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮೂರನ್ನು ಗುರುತು ಹಿಡಿಯಲು ಕಲಿತರೆ ನಿಮ್ಮ ಎಷ್ಟೋ ಗಂಟೆಗಳು ಉಳಿಯುತ್ತವೆ.

ಮೊದಲನೆಯದು, ಒಮ್ಮೆ ಓಡಿದ್ದು ಎರಡನೆಯ ಸಲ ಓಡದಿರುವುದು. ಜುಪಿಟರ್ ನೋಟ್‌ಬುಕ್ಕಿನಲ್ಲೋ ಗೂಗಲ್ ಕೊಲ್ಯಾಬಿನಲ್ಲೋ ‘ಸಮ್ = ಸಮ್(ಮಾರ್ಕ್ಸ್)’ ಎಂದು ಬರೆದು ರನ್ ಮಾಡುತ್ತೀರಿ. ಉತ್ತರ ಸರಿಯಾಗಿಯೇ ಬರುತ್ತದೆ. ಸರಿಯಿದೆಯೇ ಎಂದು ಅದೇ ಸೆಲ್ಲನ್ನು ಮತ್ತೆ ರನ್ ಮಾಡಿದರೆ ಎರರ್. ಒಂದಕ್ಷರವನ್ನೂ ಬದಲಿಸಿಲ್ಲವಲ್ಲ ಎಂದು ಕಂಗಾಲಾಗುತ್ತೀರಿ. ಮೊದಲ ಸಲ ಬಲಗಡೆಯ ಸಮ್ ಫಂಕ್ಷನ್ ಆಗಿತ್ತು. ಅದು ಕೂಡಿಕೊಟ್ಟ ಮೊತ್ತ ಎಡಗಡೆಯ ಸಮ್‌ನಲ್ಲಿ ಕೂತಿತು. ನೋಟ್‌ಬುಕ್ ಹಿಂದಿನ ಸೆಲ್‌ಗಳಲ್ಲಿ ಆದದ್ದನ್ನು ಮರೆಯುವುದಿಲ್ಲವಾದ್ದರಿಂದ ಎರಡನೆಯ ಸಲ ಬಲಗಡೆಯಲ್ಲೂ ಆ ಮೊತ್ತವೇ ಇರುತ್ತದೆ. ಐಡಲ್‌ನಲ್ಲಿ ಎಫ್ 5 ಒತ್ತಿದಾಗ ಶೆಲ್ ಹೊಸದಾಗಿ ಶುರುವಾಗುವುದರಿಂದ ಅಲ್ಲಿ ಹೀಗಾಗುವುದಿಲ್ಲ. ಒಂದೇ ಪ್ರೋಗ್ರಾಂ ಕಾಲೇಜಿನಲ್ಲಿ ಓಡಿ ಮನೆಯಲ್ಲಿ ಮೊಬೈಲಿನ ಕೊಲ್ಯಾಬಿನಲ್ಲಿ ಓಡದಿದ್ದರೆ ಕಾರಣ ಇದೂ ಇರಬಹುದು. ಅದೇ ಸಾಲನ್ನು ಫಂಕ್ಷನ್ ಒಳಗೆ ಬರೆದರಂತೂ ಮೊದಲ ಸಲವೇ ‘ಅನ್‌ಬೌಂಡ್ ಲೋಕಲ್ ಎರರ್’ ಬರುತ್ತದೆ. ಫಂಕ್ಷನ್ನಿನ ಒಳಗೆ ಎಲ್ಲಿಯಾದರೂ ಒಂದು ಹೆಸರಿಗೆ ಬೆಲೆ ಕೊಟ್ಟರೆ ಆ ಫಂಕ್ಷನ್ ಪೂರ್ತಿ ಅದು ಲೋಕಲ್ ಹೆಸರಾಗಿಬಿಡುತ್ತದೆ, ಬಿಲ್ಟ್-ಇನ್ ಸಮ್ ಕಡೆಗೆ ಪೈಥಾನ್ ನೋಡುವುದೇ ಇಲ್ಲ.

ಎರಡನೆಯದು, ‘ಇನ್‌ಪುಟ್ = ಇನ್‌ಪುಟ್(“ಹೆಸರು?”)’ ಎಂಬ ಸಾಲು. ಮೊದಲ ಪ್ರಶ್ನೆ ಪರದೆಯ ಮೇಲೆ ಬರುತ್ತದೆ, ಉತ್ತರವನ್ನೂ ತೆಗೆದುಕೊಳ್ಳುತ್ತದೆ. ಎರಡನೆಯ ಪ್ರಶ್ನೆಗೆ ಬಂದಾಗ ‘ಸ್ಟ್ರ್’ ಆಬ್ಜೆಕ್ಟ್ ಈಸ್ ನಾಟ್ ಕಾಲಬಲ್.

ಮೂರನೆಯದು ಬೆರಳು ತಪ್ಪಿ ಆಗುವಂಥದ್ದು. ‘ಪ್ರಿಂಟ್(ಟೋಟಲ್)’ ಎಂದು ಬರೆಯುವ ಬದಲು ‘ಪ್ರಿಂಟ್ = (ಟೋಟಲ್)’ ಎಂದಾಗುತ್ತದೆ. ಹಳೆಯ ಪೈಥಾನ್ 2ರಲ್ಲಿ ಪ್ರಿಂಟ್ ಕೀವರ್ಡ್ ಆಗಿದ್ದರಿಂದ ಇಂಥ ಸಾಲನ್ನು ಅದು ಒಪ್ಪುತ್ತಲೇ ಇರಲಿಲ್ಲ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಲ್ಲಿ ಪ್ರಿಂಟ್ ಒಂದು ಸಾಮಾನ್ಯ ಫಂಕ್ಷನ್ ಆಯಿತು. ಹಾಗಾಗಿ ಈಗ ಆ ಸಾಲು ಸದ್ದಿಲ್ಲದೆ ನಡೆದುಹೋಗುತ್ತದೆ. ಪರದೆಯ ಮೇಲೆ ಏನೂ ಬರುವುದಿಲ್ಲ, ಮುಂದಿನ ಪ್ರಿಂಟ್‌ಗೆ ಎರರ್ ಬರುತ್ತದೆ.

‘ಈಸ್ ನಾಟ್ ಕಾಲಬಲ್’ ಎಂಬ ಮಾತು ಕಂಡ ಕೂಡಲೇ ಆ ಸಾಲನ್ನು ಒಮ್ಮೆ ನೋಡಿ, ಅದರಲ್ಲಿರುವ ಫಂಕ್ಷನ್ ಹೆಸರನ್ನು ಫೈಲಿನ ಮೇಲಿನಿಂದ ಹುಡುಕಿ. ಆ ಹೆಸರಿನ ಮುಂದೆ ಎಲ್ಲಿಯಾದರೂ ಸಮಚಿಹ್ನೆ ಕಂಡರೆ ರೋಗ ಅಲ್ಲಿದೆ. ಈ ಒಂದು ಕ್ರಮ ರೂಢಿಯಾದರೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎದೆ ನಡುಗುವುದಿಲ್ಲ.

ಇದು ಬರೀ ಪಠ್ಯದ ಲೆಕ್ಕಗಳ ಮಾತಲ್ಲ. ನಮ್ಮ ತಾಲ್ಲೂಕುಗಳ ವ್ಯವಹಾರವನ್ನು ಪ್ರೋಗ್ರಾಂ ಮಾಡಲು ಕೂತರೆ ಮೊದಲು ಕೈಗೆ ಬರುವ ಇಂಗ್ಲಿಷ್ ಹೆಸರುಗಳು ಬಹುಪಾಲು ಬಿಲ್ಟ್-ಇನ್‌ಗಳೇ. ಹೊಳಲ್ಕೆರೆ, ಭೀಮಸಮುದ್ರದ ಕಡೆಯವರು ಅಡಿಕೆ ದರದ ಪಟ್ಟಿ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು, ಒಂದೊಂದಕ್ಕೂ ಬೇರೆ ದರ. ಅಡಿಕೆಯ ಬಗೆಯನ್ನು ಇಡಲು ‘ಟೈಪ್ = “ರಾಶಿ”’ ಎಂದು ಬರೆಯುವುದು ಸಹಜ. ಆದರೆ ಫೈಲಿನಿಂದ ಓದಿಕೊಂಡ ದರ ಅಂಕಿಯೋ ಅಕ್ಷರವೋ ಎಂದು ನೋಡಲು ಟೈಪ್ ಫಂಕ್ಷನ್ನೇ ಬೇಕು. ಅದಾಗಲೇ ‘ರಾಶಿ’ಯಾಗಿ ಕೂತಿರುತ್ತದೆ. ದಿನದ ಕನಿಷ್ಠ, ಗರಿಷ್ಠ ದರಗಳನ್ನು ಮಿನ್, ಮ್ಯಾಕ್ಸ್ ಎಂದೂ ಅವುಗಳ ನಡುವಿನ ಅಂತರವನ್ನು ರೇಂಜ್ ಎಂದೂ ಕರೆದರೆ, ಮುಂದಿನ ಫಾರ್ ಲೂಪಿನಲ್ಲಿ ರೇಂಜ್ ಕೈಕೊಡುತ್ತದೆ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರದ ನಾಟಕಗಳು ನಾಡಿನ ಊರೂರು ಸುತ್ತುತ್ತವೆ. ಯಾವ ದಿನ ಯಾವ ಊರು, ಯಾವ ನಾಟಕ ಎಂಬ ವೇಳಾಪಟ್ಟಿಯನ್ನು ಸಿಎಸ್‌ವಿ ಫೈಲಿನಿಂದ ಓದುವ ಪ್ರೋಗ್ರಾಂ ಬರೆಯಲು ಒಳ್ಳೆಯ ವಿಷಯ. ಮುಂದಿನ ಪ್ರದರ್ಶನಕ್ಕೆ ‘ನೆಕ್ಸ್ಟ್’ ಎಂದು ಹೆಸರಿಟ್ಟಿರೋ, ಸಿಎಸ್‌ವಿಯ ತಲೆಬರಹದ ಸಾಲನ್ನು ದಾಟಿಸಲು ಬಳಸುವ ನೆಕ್ಸ್ಟ್ ಫಂಕ್ಷನ್ ಸಿಗದಂತಾಯಿತು. ಕಬಡ್ಡಿ ಪಂದ್ಯಾವಳಿಯ ಸುತ್ತುಗಳಿಗೆ ‘ರೌಂಡ್’ ಎಂದರೆ ಸರಾಸರಿಯನ್ನು ಎರಡು ದಶಮಾಂಶಕ್ಕೆ ಇಳಿಸುವ ರೌಂಡ್ ಹೋಯಿತು. ಜೋಗಿಮಟ್ಟಿಯ ಕಡೆಯ ಗುಡ್ಡಗಳ ಗಾಳಿಯಂತ್ರ ನೋಡಿ ಗಾಳಿಯ ದಿಕ್ಕಿಗೆ ‘ಡಿರ್’ ಎಂದರೆ ಅದೂ ಬಿಲ್ಟ್-ಇನ್.

ಇಲ್ಲಿಯವರೆಗೆ ಹೇಳಿದ್ದೆಲ್ಲ ಎರರ್ ಬಂದು ನಿಲ್ಲಿಸುವ ಪ್ರಸಂಗಗಳು. ಎರರ್ ಬಂದರೆ ಅದು ಅದೃಷ್ಟ. ಎರರ್ ಬಾರದೆ ತಪ್ಪು ಉತ್ತರ ಬರುವ ಪ್ರಸಂಗಗಳೂ ಇವೆ. ನನಗೆ ಹೆಚ್ಚು ಭಯ ಅವುಗಳದೇ.

ವಿದ್ಯಾರ್ಥಿಗಳ ಪಟ್ಟಿಯನ್ನು ಫೈಲಿಗೆ ಬರೆಯುವ ಪ್ರೋಗ್ರಾಂ ನೋಡಿ. ನೋಂದಣಿ ಸಂಖ್ಯೆಗೆ ‘ಐಡಿ’ ಎಂಬ ಹೆಸರು, ಕೋಡೆಲ್ಲ ಫಂಕ್ಷನ್ನಿನ ಹೊರಗಿದೆ. ಇಫ್‌ನ ಒಂದು ಕವಲಿನಲ್ಲಿ ಐಡಿಗೆ ಬೆಲೆ ಕೊಡುವುದು ಮರೆತುಹೋಗಿದೆ. ಬೇರೆ ಯಾವುದೇ ಹೆಸರಾಗಿದ್ದರೆ ‘ನೇಮ್ ಎರರ್, ಈ ಹೆಸರು ಗೊತ್ತಿಲ್ಲ’ ಎಂದು ಪೈಥಾನ್ ಅಲ್ಲೇ ನಿಲ್ಲಿಸುತ್ತಿತ್ತು. ಆದರೆ ಐಡಿ ಎಂಬುದು ಅದಕ್ಕೆ ಗೊತ್ತಿರುವ ಹೆಸರು. ಅದು ಆ ಬಿಲ್ಟ್-ಇನ್ ಫಂಕ್ಷನ್ನನ್ನೇ ಹಿಡಿದು ಮುಂದೆ ಹೋಗುತ್ತದೆ. ಫೈಲಿನಲ್ಲಿ ನೋಂದಣಿ ಸಂಖ್ಯೆ ಇರಬೇಕಾದಲ್ಲಿ ‘ಬಿಲ್ಟ್-ಇನ್ ಫಂಕ್ಷನ್ ಐಡಿ’ ಎಂಬ ಅಕ್ಷರಗಳು ಬರೆದುಕೊಳ್ಳುತ್ತವೆ. ‘ಐಡಿ == 12’ ಎಂದು ಹೋಲಿಸಿದ್ದರೆ ಅದು ಯಾವಾಗಲೂ ಸುಳ್ಳು, ಎರರ್ ಮಾತ್ರ ಇಲ್ಲ. ‘ಇಫ್ ಇನ್‌ಪುಟ್’ ಎಂದು ಬರೆದಿದ್ದರೆ ಅದು ಯಾವಾಗಲೂ ನಿಜ, ಏಕೆಂದರೆ ಫಂಕ್ಷನ್ ಎಂಬ ವಸ್ತು ಪೈಥಾನಿನ ಲೆಕ್ಕದಲ್ಲಿ ನಿಜ. ಹೆಸರು ಬೇರೆ ಇದ್ದಿದ್ದರೆ ಪೈಥಾನ್ ನಿಮ್ಮ ಮರೆವನ್ನು ತೋರಿಸಿಕೊಡುತ್ತಿತ್ತು. ಬಿಲ್ಟ್-ಇನ್ ಹೆಸರಿಟ್ಟು ಆ ಕಾವಲನ್ನು ನೀವೇ ತೆಗೆದಂತಾಯಿತು.

ಇನ್ನೊಂದು ಪ್ರಸಂಗದಲ್ಲಿ ನೀವು ಯಾವ ಹೆಸರನ್ನೂ ಇಟ್ಟಿರುವುದಿಲ್ಲ. ‘ಫ್ರಮ್ ಮ್ಯಾತ್ ಇಂಪೋರ್ಟ್’ ಎಂದು ಬರೆದು ಮುಂದೆ ನಕ್ಷತ್ರದ ಗುರುತು ಹಾಕುವುದು ಲ್ಯಾಬುಗಳಲ್ಲಿ ಬಹಳ ಬಳಕೆಯಲ್ಲಿದೆ. ಹಾಗೆ ತಂದಾಗ ಮ್ಯಾತ್ ಮಾಡ್ಯೂಲಿನ ‘ಪೌ’ ಬಂದು ಬಿಲ್ಟ್-ಇನ್ ‘ಪೌ’ವನ್ನು ಮರೆಮಾಡುತ್ತದೆ. ಬಿಲ್ಟ್-ಇನ್ ಪೌ ಪೂರ್ಣಾಂಕಗಳನ್ನು ಪೂರ್ಣಾಂಕವಾಗಿಯೇ ಲೆಕ್ಕ ಹಾಕುತ್ತದೆ. 7ರ 20ನೇ ಘಾತ ಕೇಳಿದರೆ 79792266297612001 ಎಂದು ನಿಖರವಾಗಿ ಕೊಡುತ್ತದೆ. ಮ್ಯಾತ್‌ನ ಪೌ ದಶಮಾಂಶ ಸಂಖ್ಯೆಯಾಗಿ ಕೊಡುತ್ತದೆ, ಅದರಲ್ಲಿ ಇಷ್ಟು ಅಂಕಿಗಳು ಹಿಡಿಸುವುದಿಲ್ಲ. ಅದನ್ನು ಪೂರ್ಣಾಂಕಕ್ಕೆ ಬದಲಿಸಿ ನೋಡಿದರೆ ಕೊನೆಯ 1 ಹೋಗಿ 79792266297612000 ಬರುತ್ತದೆ. ಸಂಖ್ಯೆ ಬೆಸವೋ ಸಮವೋ ಎಂದು ಕೇಳುವ ಪ್ರೋಗ್ರಾಂ ಇಲ್ಲಿ ತಪ್ಪು ಹೇಳುತ್ತದೆ, ಧೈರ್ಯದಿಂದ ಹೇಳುತ್ತದೆ. ಬೇಕಾದ ಫಂಕ್ಷನ್ನನ್ನು ಹೆಸರು ಹಿಡಿದು ತನ್ನಿ, ಇಲ್ಲವೆ ‘ಇಂಪೋರ್ಟ್ ಮ್ಯಾತ್’ ಎಂದು ತಂದು ‘ಮ್ಯಾತ್ ಡಾಟ್ ಪೌ’ ಎಂದು ಬರೆಯಿರಿ. ಯಾವುದು ಎಲ್ಲಿಯದು ಎಂದು ಓದುವವರಿಗೂ ತಿಳಿಯುತ್ತದೆ.

ಫೈಲಿನ ಹೆಸರಿಗೂ ಇದೇ ಎಚ್ಚರ ಬೇಕು. ರ್‍ಯಾಂಡಮ್ ಮಾಡ್ಯೂಲ್ ಅಭ್ಯಾಸ ಮಾಡುವವರು ಫೈಲನ್ನು ‘ರ್‍ಯಾಂಡಮ್ ಡಾಟ್ ಪಿವೈ’ ಎಂದೇ ಸೇವ್ ಮಾಡುತ್ತಾರೆ, ಟರ್ಟಲ್ ಅಭ್ಯಾಸ ಮಾಡುವವರು ‘ಟರ್ಟಲ್ ಡಾಟ್ ಪಿವೈ’ ಎಂದು. ಪೈಥಾನ್ ಮಾಡ್ಯೂಲನ್ನು ಹುಡುಕುವಾಗ ನಿಮ್ಮ ಫೋಲ್ಡರನ್ನೇ ಮೊದಲು ನೋಡುವುದರಿಂದ, ನಿಮ್ಮ ಫೈಲು ತನ್ನನ್ನು ತಾನೇ ಇಂಪೋರ್ಟ್ ಮಾಡಿಕೊಂಡು ‘ರ್‍ಯಾಂಡ್‌ಇಂಟ್ ಇಲ್ಲ’ ಎಂದು ಹೇಳುತ್ತದೆ. ಪೈಥಾನ್ 3.13ರಲ್ಲಿ ಈ ಎರರ್ ಜೊತೆಗೆ ನಿಮ್ಮ ಫೈಲಿನ ಹೆಸರು ಬದಲಿಸಿ ಎಂಬ ಸಲಹೆಯೂ ಬರುತ್ತದೆ. ಲ್ಯಾಬಿನಲ್ಲಿ ಹಳೆಯ ಆವೃತ್ತಿ ಇದ್ದರೆ ಆ ಸಲಹೆ ಸಿಗುವುದಿಲ್ಲ.

ಇಷ್ಟು ತೊಂದರೆ ಇರುವಾಗ ಪೈಥಾನ್ ಇದನ್ನು ತಡೆಯಬಾರದಿತ್ತೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಪೈಥಾನಿನಲ್ಲಿ ಯಾರೂ ಮುಟ್ಟಲಾಗದ ಕೀವರ್ಡುಗಳು 35 ಇವೆ: ಇಫ್, ಫಾರ್, ಕ್ಲಾಸ್, ರಿಟರ್ನ್ ಇತ್ಯಾದಿ. ಬಿಲ್ಟ್-ಇನ್ ಫಂಕ್ಷನ್‌ಗಳು ಸುಮಾರು 70. ಅವನ್ನೂ ಕೀವರ್ಡ್ ಮಾಡಿದ್ದರೆ, ಹೊಸ ಫಂಕ್ಷನ್ ಸೇರಿಸಿದಾಗಲೆಲ್ಲ ಆ ಹೆಸರನ್ನು ಮೊದಲೇ ಬಳಸಿದ್ದ ಹಳೆಯ ಪ್ರೋಗ್ರಾಮುಗಳು ಒಡೆದುಹೋಗುತ್ತಿದ್ದವು. ಸಮ್ ಬಿಲ್ಟ್-ಇನ್ ಆದದ್ದು 2003ರ ಪೈಥಾನ್ 2.3ರಲ್ಲಿ. ಸೆಟ್ ಮತ್ತು ಸಾರ್ಟೆಡ್ ಬಂದದ್ದು 2004ರ 2.4ರಲ್ಲಿ, ಎನಿ ಮತ್ತು ಆಲ್ 2006ರ 2.5ರಲ್ಲಿ. ಅದಕ್ಕೆ ಮೊದಲು ಸಮ್ ಎಂಬ ವೇರಿಯಬಲ್ ಇಟ್ಟುಕೊಂಡವರ ಪ್ರೋಗ್ರಾಮುಗಳು ಆಮೇಲೂ ಓಡಿದವು. ಕೀವರ್ಡ್ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2018ರ ಪೈಥಾನ್ 3.7ರಲ್ಲಿ ‘ಎಸಿಂಕ್’ ಕೀವರ್ಡ್ ಆದಾಗ ಆ ಹೆಸರನ್ನು ಬಳಸಿದ್ದ ಲೈಬ್ರರಿಗಳು ಓಡದೇ ಹೋದವು. ಸೆಲರಿ ಎಂಬ ಹೆಸರುವಾಸಿ ಲೈಬ್ರರಿ ತನ್ನ ಒಂದು ಮಾಡ್ಯೂಲಿನ ಹೆಸರನ್ನೇ ಬದಲಿಸಬೇಕಾಯಿತು. ಹೀಗೆ ಯೋಚಿಸಿಯೇ ಭಾಷೆ ಆ ಸ್ವಾತಂತ್ರ್ಯವನ್ನು ನಮಗೆ ಬಿಟ್ಟಿದೆ, ಅದನ್ನು ವಿವೇಚನೆಯಿಂದ ಬಳಸುವ ಹೊಣೆ ನಮ್ಮದು.

ಬೇರೆ ಭಾಷೆಗೆ ಹೋದರೂ ಈ ಹೊಣೆ ತಪ್ಪುವುದಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ‘ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ’ ಬರೆದು ಗ್ಲೋಬಲ್ ವೇರಿಯಬಲ್ಲಿಗೆ ‘ಕೌಂಟ್’ ಎಂದು ಹೆಸರಿಟ್ಟರೆ, ಯಾವ ಕೌಂಟ್ ಎಂದು ಕಂಪೈಲರ್ ತಕರಾರು ಎತ್ತಬಹುದು. ಬ್ರೌಸರಿನ ಜಾವಾಸ್ಕ್ರಿಪ್ಟಿನಲ್ಲಿ ಹೊರಗಡೆ ‘ವಾರ್ ನೇಮ್ = 10’ ಎಂದರೆ ಆ 10 ಸಂಖ್ಯೆಯಾಗಿ ಉಳಿಯುವುದಿಲ್ಲ, ಅಕ್ಷರವಾಗಿಬಿಡುತ್ತದೆ, ಏಕೆಂದರೆ ಕಿಟಕಿಯ ಹೆಸರಿಗೆಂದು ‘ನೇಮ್’ ಅಲ್ಲಿ ಮೊದಲೇ ಇದೆ. ಮೈಎಸ್‌ಕ್ಯುಎಲ್‌ನಲ್ಲಿ ಟೇಬಲ್ಲಿಗೆ ‘ಆರ್ಡರ್’ ಎಂದು ಹೆಸರಿಟ್ಟು ನೋಡಿ, ಕ್ವೆರಿಯೇ ಓಡುವುದಿಲ್ಲ.

ಹಾಗಾದರೆ ಹೆಸರು ಹೇಗಿಡಬೇಕು? ನನ್ನ ಮುಖ್ಯ ಮಾತು ಇಲ್ಲಿದೆ. ಮ್ಯಾಕ್ಸ್, ಲಿಸ್ಟ್, ಟೈಪ್, ಸ್ಟ್ರ್ ಎಂಬ ಹೆಸರುಗಳು ಫಂಕ್ಷನ್‌ಗಳಿಗೆ ಅಡ್ಡ ಬರುತ್ತವೆ ಎಂಬುದು ಒಂದು ದೋಷ. ಅದಕ್ಕಿಂತ ಮೊದಲಿನ ದೋಷವೆಂದರೆ ಅವು ನಿಮ್ಮ ವಿಷಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಲಿಸ್ಟ್’ ಎಂದರೆ ಯಾವುದರ ಪಟ್ಟಿ, ಮಟ್ಟಗಳದೋ ದರಗಳದೋ ಅಂಕಗಳದೋ? ‘ಮ್ಯಾಕ್ಸ್’ ಎಂದರೆ ಡ್ಯಾಮಿನ ಪೂರ್ಣ ಮಟ್ಟವೋ ಈ ವಾರದ ಹೆಚ್ಚಿನ ಮಟ್ಟವೋ? ನಮ್ಮ ವಿದ್ಯಾರ್ಥಿನಿಯ ಪ್ರೋಗ್ರಾಮಿನಲ್ಲಿ ಗೊಂದಲವಾದದ್ದು ಇದೇ ಜಾಗದಲ್ಲಿ. ಎರಡು ಬೇರೆ ಸಂಗತಿಗಳಿಗೆ ಅವಳು ಒಂದೇ ಹೆಸರನ್ನು ನೆಚ್ಚಿದ್ದಳು. ‘ಪೂರ್ಣ_ಮಟ್ಟ_ಅಡಿ = 130’ ಎಂದು ಬರೆದಿದ್ದರೆ ಡ್ಯಾಮಿನ ಮಾತು ಡ್ಯಾಮಿನ ಹೆಸರಿನಲ್ಲೇ ಇರುತ್ತಿತ್ತು, ಅಳತೆ ಅಡಿಯಲ್ಲಿದೆ ಎಂಬುದೂ ತಿಳಿಯುತ್ತಿತ್ತು, ಮ್ಯಾಕ್ಸ್ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ವಸ್ತು ಏನು, ಯಾವ ಅಳತೆಯಲ್ಲಿದೆ, ಇವೆರಡನ್ನು ಹೇಳುವ ಹೆಸರು ಬಿಲ್ಟ್-ಇನ್ ಹೆಸರಿನ ಜೊತೆ ಡಿಕ್ಕಿ ಹೊಡೆಯುವುದು ಬಹಳ ಅಪರೂಪ. ಆದ್ದರಿಂದ 70 ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕ ‘ಲಿಸ್ಟ್1’, ‘ಸ್ಟ್ರ್1’, ‘ಟಪಲ್1’, ‘ಡಿಕ್ಟ್1’ ಎಂದು ಬಳಸಿದೆ. ಆ 1 ಎಂಬ ಅಂಕಿ ನಿಮ್ಮನ್ನು ಕಾಪಾಡುತ್ತಿದೆ ಎಂಬುದನ್ನು ಗಮನಿಸಿ. ಬೋರ್ಡಿನಿಂದ ನೋಟ್ಸಿಗೆ, ನೋಟ್ಸಿನಿಂದ ಕಂಪ್ಯೂಟರಿಗೆ ಇಳಿಸುವಾಗ ಅದನ್ನು ಕೈಬಿಡಬೇಡಿ. ವ್ಯಾಕರಣ ಕಲಿಯುವಾಗ ಅಂಥ ಹೆಸರು ಸಾಕು. ನಿಮ್ಮದೇ ಪ್ರೋಗ್ರಾಂ ಬರೆಯುವಾಗ ‘ದರಗಳು’, ‘ಅಂಕಗಳು’ ಎನ್ನುವ ಮಟ್ಟಕ್ಕೆ ಏರಿ. 2001ರಲ್ಲಿ ಬಂದ ಪೆಪ್ 8 ಎಂಬ ಶೈಲಿ ಕೈಪಿಡಿ ಕೀವರ್ಡಿಗೆ ಡಿಕ್ಕಿಯಾಗುವ ಹೆಸರಿನ ಕೊನೆಗೆ ಒಂದು ಅಂಡರ್‌ಸ್ಕೋರ್ ಸೇರಿಸಲು ಹೇಳುತ್ತದೆ. ಬೇರೆ ದಾರಿಯೇ ಇಲ್ಲದಾಗ ‘ಟೈಪ್_’ ಎಂದು ಬರೆಯುವುದು ‘ಟೈಪ್’ ಎನ್ನುವುದಕ್ಕಿಂತ ಮೇಲು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಅನುಕೂಲವಿದೆ, ಅದನ್ನು ಸಂಕೋಚವಿಲ್ಲದೆ ಬಳಸಿ. ಬಿಲ್ಟ್-ಇನ್ ಹೆಸರುಗಳೆಲ್ಲ ಇಂಗ್ಲಿಷಿನವು. ನೀವು ಮೊತ್ತ, ದರ, ಚೀಲ, ಮಟ್ಟ, ಬಗೆ ಎಂಬ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹೆಸರಿಟ್ಟರೆ ಪೈಥಾನ್ ಖುಷಿಯಿಂದ ಒಪ್ಪುತ್ತದೆ, ಫಂಕ್ಷನ್ ಯಾವುದು, ನಿಮ್ಮದು ಯಾವುದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಪೈಥಾನ್ 3ರಿಂದ ಕನ್ನಡ ಅಕ್ಷರದಲ್ಲೇ ವೇರಿಯಬಲ್ ಹೆಸರು ಬರೆಯಬಹುದು. 2007ರ ಪೆಪ್ 3131 ಎಂಬ ಪ್ರಸ್ತಾವ ಇದಕ್ಕೆ ದಾರಿ ಮಾಡಿತು. ಯೂನಿಕೋಡಿನಲ್ಲಿ ‘ಪೂರ್ಣಮಟ್ಟ = 130’ ಎಂದು ಟೈಪ್ ಮಾಡಿ ನೋಡಿ, ಓಡುತ್ತದೆ. ಒಂದು ಎಚ್ಚರಿಕೆ: ‘ಡ್ಯಾಮ್‌ಮಟ್ಟ’ ಎಂಬಂಥ ಪದದಲ್ಲಿ ಒತ್ತಕ್ಷರ ಬಿಡಿಸಿ ತೋರಿಸಲು ಕೀಬೋರ್ಡು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸೇರಿಸುತ್ತದೆ. ಅದನ್ನು ಪೈಥಾನ್ ಒಪ್ಪುವುದಿಲ್ಲ, ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಅಂಥ ಪದದಲ್ಲಿ ನಡುವೆ ಅಂಡರ್‌ಸ್ಕೋರ್ ಹಾಕಿಬಿಡಿ. ಬೇರೆ ಭಾಷೆಯವರೊಡನೆ ಸೇರಿ ಕೆಲಸ ಮಾಡುವಾಗ ಎಲ್ಲರಿಗೂ ತಿಳಿಯುವ ಇಂಗ್ಲಿಷ್ ಹೆಸರೇ ಸರಿ. ಆಗಲೂ ‘ಡ್ಯಾಮ್_ಫುಲ್_ಲೆವೆಲ್’ ಎಂದು ಬಿಡಿಸಿ ಬರೆಯಿರಿ.

ಸಹಾಯಕ್ಕೆ ಉಪಕರಣಗಳೂ ಇವೆ. ಐಡಲ್‌ನ ಸಾಮಾನ್ಯ ಬಣ್ಣಗಳಲ್ಲಿ ಕೀವರ್ಡ್ ಕಿತ್ತಳೆಯಾಗಿ, ಬಿಲ್ಟ್-ಇನ್ ನೇರಳೆಯಾಗಿ ಕಾಣುತ್ತದೆ. ಸಮಚಿಹ್ನೆಯ ಎಡಗಡೆ ನೀವು ಬರೆದ ಹೆಸರು ನೇರಳೆಗೆ ತಿರುಗಿತೆಂದರೆ ಕೈ ನಿಲ್ಲಿಸಿ, ಬೇರೆ ಹೆಸರಿಡಿ. ಒಂದು ಪೈಸೆ ಖರ್ಚಿಲ್ಲದ, ಇಂಟರ್ನೆಟ್ ಬೇಡದ ಕಾವಲು ಇದು. ಪೈಲಿಂಟ್ ಹಾಕಿಕೊಂಡವರಿಗೆ ಡಬ್ಲ್ಯು0622 ಎಂಬ ಎಚ್ಚರಿಕೆಯೂ ರಫ್ ಬಳಸುವವರು ಆ ನಿಯಮವನ್ನು ಆರಿಸಿಕೊಂಡರೆ ಎ001 ಎಂಬ ಎಚ್ಚರಿಕೆಯೂ ಇದನ್ನೇ ಹಿಡಿದು ತೋರಿಸುತ್ತವೆ. ಪೂರ್ತಿ ಪಟ್ಟಿ ನೋಡಬೇಕೆಂದರೆ ಬಿಲ್ಟಿನ್ಸ್ ಎಂಬ ಮಾಡ್ಯೂಲನ್ನು ಇಂಪೋರ್ಟ್ ಮಾಡಿ ಅದರ ಮೇಲೆ ಡಿರ್ ಫಂಕ್ಷನ್ ಕರೆಯಿರಿ.

ಇದನ್ನು ಮಡಿಯಂತೆ ಆಚರಿಸಬೇಕಿಲ್ಲ ಎಂಬುದನ್ನೂ ಹೇಳಬೇಕು. ಒಂದು ಆಬ್ಜೆಕ್ಟಿನ ಭಾಗವಾಗಿ ಬರುವ ಹೆಸರು, ಅಂದರೆ ‘ಸ್ಟೂಡೆಂಟ್ ಡಾಟ್ ಐಡಿ’ ಎಂಬಂಥದ್ದು, ಯಾವ ಬಿಲ್ಟ್-ಇನ್ನಿಗೂ ಅಡ್ಡ ಬರುವುದಿಲ್ಲ. ಡಿಕ್ಷನರಿಯ ಕೀ ‘ಟೈಪ್’ ಎಂದಿದ್ದರೂ ತೊಂದರೆಯಿಲ್ಲ. ಪೈಥಾನಿನ ಜೊತೆಗೇ ಬರುವ ಆರ್ಗ್‌ಪಾರ್ಸ್ ಮಾಡ್ಯೂಲಿನಲ್ಲಿ ‘ಟೈಪ್’, ‘ಹೆಲ್ಪ್’ ಎಂಬ ಪ್ಯಾರಾಮೀಟರುಗಳಿವೆ, ಅಲ್ಲಿ ಅವು ಅರ್ಥಪೂರ್ಣವಾಗಿಯೇ ಇವೆ. ಅದನ್ನು ಬರೆದವರಿಗೆ ತಾವು ಏನನ್ನು ಮರೆಮಾಡುತ್ತಿದ್ದೇವೆ ಎಂಬುದು ಗೊತ್ತಿತ್ತು. ಕಲಿಯುವ ಹಂತದಲ್ಲಿ ಅದು ಗೊತ್ತಿರುವುದಿಲ್ಲವಾದ್ದರಿಂದ ದೂರ ಇರುವುದು ಕ್ಷೇಮ.

ಮಾನ್ಯ ಅಧ್ಯಾಪಕರೇ, ನಿಮ್ಮಲ್ಲಿ ಮೂರು ವಿನಂತಿಗಳಿವೆ. ನೋಟ್ಸಿನಲ್ಲಿ, ರೆಕಾರ್ಡ್ ಪುಸ್ತಕದ ಮಾದರಿ ಪ್ರೋಗ್ರಾಮುಗಳಲ್ಲಿ ‘ಲಿಸ್ಟ್ =’, ‘ಸ್ಟ್ರ್ =’, ‘ಸಮ್ = 0’ ಎಂಬ ಸಾಲುಗಳಿದ್ದರೆ ಈ ವರ್ಷವೇ ತಿದ್ದಿಕೊಡಿ. ಲೂಪಿನಲ್ಲಿ ಕೂಡುವುದನ್ನು ಕಲಿಸುವಾಗ ‘ಸಮ್ = ಸಮ್ + ಐ’ ಎಂದು ಬರೆಸುವುದು ಸಿ ಭಾಷೆಯ ಕಾಲದಿಂದ ಬಂದ ರೂಢಿ. ಅಲ್ಲಿ ಸಮ್ ಎಂಬ ಫಂಕ್ಷನ್ ಇರಲಿಲ್ಲ, ಆದ್ದರಿಂದ ತೊಂದರೆಯೂ ಇರಲಿಲ್ಲ. ಪೈಥಾನಿನಲ್ಲಿ ಅದನ್ನು ‘ಟೋಟಲ್’ ಎಂದು ಬದಲಿಸಿದರೆ ಸಾಕು. ಎರಡನೆಯದಾಗಿ, ಪ್ರಾಕ್ಟಿಕಲ್ಲಿನಲ್ಲಿ ಮಕ್ಕಳು ಮೊದಲು ಕಾಗದದ ಮೇಲೆ ಬರೆಯುತ್ತಾರೆ. ಕಾಗದದಲ್ಲಿ ನೇರಳೆ ಬಣ್ಣದ ಎಚ್ಚರಿಕೆ ಇರುವುದಿಲ್ಲ, ಅಲ್ಲಿ ನಿಮ್ಮ ಕಣ್ಣೇ ಕಾವಲು. ಉತ್ತರ ಸರಿ ಬಂದರೂ ಹೆಸರಿನ ಕೆಳಗೆ ಒಂದು ಗೆರೆ ಎಳೆದು ತೋರಿಸಿ. ಮೂರನೆಯದಾಗಿ, ಈ ತಪ್ಪನ್ನು ನೀವೇ ಬೇಕೆಂದು ಮಾಡಿ ತರಗತಿಯಲ್ಲಿ ತೋರಿಸಿ. ಮ್ಯಾಕ್ಸ್‌ಗೆ 130 ಕೊಟ್ಟು, ಎರರ್ ಬರಿಸಿ, ಮೇಲಿನ ಸಾಲು ಹುಡುಕಿಸಿ, ಡೆಲ್ ಮಾಡಿಸಿ. ನಾಲ್ಕು ಕಡೆ ಹುಡುಕುವ ಕ್ರಮ ಪರೀಕ್ಷೆಯ ಉತ್ತರವಾಗಿ ಬಾಯಿಪಾಠವಾಗುವ ಬದಲು ಕಣ್ಣ ಮುಂದೆ ನಡೆದ ಸಂಗತಿಯಾಗಿ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ. ಸ್ಕೋಪ್ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಾಣುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಂದೇ ವಿನಂತಿ. ಇಲ್ಲಿಯವರೆಗೆ ಬರೆದ ಪ್ರೋಗ್ರಾಮುಗಳನ್ನು ಒಮ್ಮೆ ತೆರೆಯಿರಿ. ಸಮಚಿಹ್ನೆಯ ಎಡಗಡೆ ನೇರಳೆ ಬಣ್ಣದ ಹೆಸರಿದ್ದರೆ ಅದನ್ನು ಬದಲಿಸಿ, ಮತ್ತೆ ರನ್ ಮಾಡಿ. ಬದಲಿಸುವಾಗ ಈ ಅಂಕಿ ಯಾರದು, ಯಾವುದರದು, ಯಾವ ಅಳತೆಯದು ಎಂದು ಕೇಳಿಕೊಂಡು ಅದಕ್ಕೆ ತಕ್ಕ ಹೆಸರಿಡಿ. ನಾಳೆ ನೀವು ಬರೆಯುವ ಪ್ರೋಗ್ರಾಂ ಒಂದು ಸಹಕಾರ ಸಂಘದ ಲೆಕ್ಕ ನೋಡಬಹುದು, ಅಡಿಕೆ ಮಂಡಿಯ ದರ ಹೇಳಬಹುದು, ನಾಲೆಗೆ ನೀರು ಬಿಡುವ ದಿನ ತಿಳಿಸಬಹುದು. ಅದನ್ನು ನಿಮ್ಮ ನಂತರ ಬರುವವರು ಓದುತ್ತಾರೆ, ತಿದ್ದುತ್ತಾರೆ, ಮುಂದುವರಿಸುತ್ತಾರೆ. ಅವರಿಗೆ ನೀವು ಎದುರಿಗೆ ಸಿಗುವುದಿಲ್ಲ, ನೀವಿಟ್ಟ ಹೆಸರುಗಳು ಮಾತ್ರ ಸಿಗುತ್ತವೆ. ಅವರ ದಾರಿ ತಪ್ಪಿಸದ ಹೆಸರಿಡುವುದು ಒಳ್ಳೆಯ ಪ್ರೋಗ್ರಾಮರನ ಮೊದಲ ಕರ್ತವ್ಯ, ಅದನ್ನು ಮೊದಲ ವರ್ಷದಲ್ಲೇ ಕಲಿಯಬಹುದು.

ಇಂತಿ ನಿಮ್ಮ ಹಿತೈಷಿ,
ಇದೇ ಜಿಲ್ಲೆಯ ಒಬ್ಬ ಪ್ರೋಗ್ರಾಮರ್